ಪುರಾವೆಗೂ ಮೂಲಪತ್ರ ಕೇಳಿ

(ತಾಲ್ಲೂಕು ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ಸಾಲದ ಒಂದು ಪಾಲು ಔಷಧಿ ಅಂಗಡಿಯ ಉದ್ರಿ ಪುಸ್ತಕದಲ್ಲಿದೆ. ಅಲ್ಲಿ ಡಬ್ಬಿಯ ಜೊತೆ ಒಂದು ಬಣ್ಣದ ಕಾಗದವನ್ನೂ ಕೊಡ್ತಾರೆ. ‘ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಅಂತ ದಪ್ಪಕ್ಷರದಲ್ಲಿ ಇರುತ್ತೆ. ಕೆಳಗೆ ಸಣ್ಣಕ್ಷರದಲ್ಲಿ ಹತ್ತಾರು ಲೇಖನಗಳ ಹೆಸರು. ಅದನ್ನು ಕಂಡ ಕೂಡಲೇ ನಮ್ಮ ಬಾಯಿ ಕಟ್ಟಿಹೋಗುತ್ತೆ. ಓದಿದವರು ಹೇಳಿದ ಮೇಲೆ ನಾವೇನು ಕೇಳೋದು ಅಂತ ಸುಮ್ಮನಾಗ್ತೀವಿ. ಸುಮ್ಮನಾಗಬೇಡಿ ಅಂತ ಹೇಳೋಕೆ ಇವತ್ತು ನಿಂತಿದ್ದೇನೆ.

ಜಮೀನು ಕೊಳ್ಳುವಾಗ ಏನು ಮಾಡ್ತೀರಿ? ಪಹಣಿ ನೋಡ್ತೀರಿ, ಮೂಲಪತ್ರ ಕೇಳ್ತೀರಿ. ಕ್ರಯಪತ್ರಕ್ಕೆ ಹತ್ತು ಸಾಕ್ಷಿಗಳ ರುಜು ಇದ್ದರೂ, ಹತ್ತೂ ಜನ ಮಾರುವವನ ಮನೆಯವರೇ ಆದರೆ ನಂಬ್ತೀರಾ? ವೈಜ್ಞಾನಿಕ ಲೇಖನದ ಕೊನೆಯ ಆಧಾರಪಟ್ಟಿಯೂ ಅಂಥ ಸಾಕ್ಷಿಪಟ್ಟಿಯೇ. ಎಷ್ಟು ಸಾಕ್ಷಿ ಅನ್ನೋದಕ್ಕಿಂತ, ಯಾರ ಸಾಕ್ಷಿ, ಅವರು ಏನು ಕಂಡಿದ್ದಾರೆ ಅನ್ನೋದು ಮುಖ್ಯ.

ಗ್ಲೈಫೋಸೇಟ್ ಕಳೆನಾಶಕ ನಿಮಗೆಲ್ಲ ಗೊತ್ತು. 2000ನೇ ಇಸವಿಯಲ್ಲಿ ವಿಲಿಯಮ್ಸ್, ಕ್ರೋಸ್, ಮನ್ರೋ ಎಂಬ ಮೂವರ ಹೆಸರಿನಲ್ಲಿ, ಇದು ಮನುಷ್ಯರಿಗೆ ಅಪಾಯಕಾರಿಯಲ್ಲ ಎಂಬ ಲೇಖನ ವಿಷವಿಜ್ಞಾನದ ಪತ್ರಿಕೆಯೊಂದರಲ್ಲಿ ಬಂತು. ಮುಂದೆ ಎಷ್ಟೋ ಲೇಖನಗಳು ಅದನ್ನೇ ಆಧಾರವೆಂದು ತೋರಿಸಿದವು. 2017ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಮಾನ್ಸಾಂಟೋ ಕಂಪನಿಯ ಒಳಗಿನ ಪತ್ರಗಳು ಹೊರಬಿದ್ದವು. ಬರವಣಿಗೆಯಲ್ಲಿ ಕಂಪನಿಯ ನೌಕರರ ಕೈಯಿತ್ತು ಅನ್ನೋದಕ್ಕೆ ಅವು ಸುಳಿವು ಕೊಟ್ಟವು. 2025ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂದಕ್ಕೆ ಪಡೆಯಿತು. ಕೊಟ್ಟ ಕಾರಣಗಳಲ್ಲಿ ಒಂದನ್ನು ಗಮನಿಸಿ: ಕ್ಯಾನ್ಸರ್ ಬರುವುದಿಲ್ಲ ಎಂಬ ತೀರ್ಮಾನ ನಿಂತಿದ್ದು ಮಾನ್ಸಾಂಟೋದ್ದೇ ಅಪ್ರಕಟಿತ ಪರೀಕ್ಷೆಗಳ ಮೇಲೆ. ಬೇರೆಯವರ ಪರೀಕ್ಷೆಗಳಿದ್ದರೂ ಸೇರಿಸಿರಲಿಲ್ಲ. ಮಾರುವವನೇ ಸಾಕ್ಷಿ!

ಹಾಗಂತ, ಔಷಧಿ ಕ್ಯಾನ್ಸರ್ ತರುತ್ತೆ ಅಂತ ಇದರಿಂದಲೇ ಸಾಬೀತಾಯಿತು ಎಂದು ವೇದಿಕೆ ಮೇಲೆ ಕೂಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2015ರಲ್ಲಿ ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಅಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಲಿಲ್ಲ. ಮೊದಲನೆಯವರು ಎಲ್ಲರೂ ಓದಲು ಸಿಗುವ ಅಧ್ಯಯನಗಳನ್ನೇ ತೂಗಿದರು. ಎರಡನೆಯವರು ಕಂಪನಿಗಳು ಒಪ್ಪಿಸಿದ ಅಪ್ರಕಟಿತ ವರದಿಗಳಿಗೂ ಬೆಲೆ ಕೊಟ್ಟರು. ಜಗಳದ ಬೇರಿನಲ್ಲೂ ಆಧಾರಪಟ್ಟಿಯೇ ಇದೆ ನೋಡಿ.

ಸಾಕ್ಷಿ ನಿಜವಿದ್ದರೂ ಬಾಯಿಂದ ಬಾಯಿಗೆ ಕೆಡಬಹುದು. 1980ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಐದೇ ವಾಕ್ಯದ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿ ಅಫೀಮಿನ ಜಾತಿಯ ಔಷಧಿ ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದವರು ನಾಲ್ವರು ಅಂತ. 2017ರಲ್ಲಿ ಲೆಕ್ಕ ಹಾಕಿದಾಗ 608 ಲೇಖನಗಳು ಆ ಪತ್ರವನ್ನು ಹೆಸರಿಸಿದ್ದವು. ಅವರು ಆಸ್ಪತ್ರೆಯಲ್ಲಿದ್ದ ರೋಗಿಗಳು ಎಂಬ ಮಾತನ್ನೇ 491 ಲೇಖನಗಳು ಬಿಟ್ಟಿದ್ದವು. ಮನೆಯಲ್ಲಿ ತಿಂಗಳುಗಟ್ಟಲೆ ನುಂಗುವವರಿಗೂ ಭಯವಿಲ್ಲ ಎಂಬ ನಂಬಿಕೆ ಹೀಗೆ ಬೆಳೆದು, ಆ ದೇಶದಲ್ಲಿ ಚಟದ ಪಿಡುಗಿಗೆ ಅದೂ ಒಂದು ಕಾರಣವಾಯಿತು.

ಆದ್ದರಿಂದ ಯಾರೇ ಕಾಗದ ಚಾಚಲಿ, ನಾಲ್ಕು ಪ್ರಶ್ನೆ ಕೇಳಿ. ಹೇಳಿದ ಆಧಾರ ನಿಜವಾಗಿ ಇದೆಯಾ, ಓದಲು ಸಿಗುತ್ತಾ? ಪರೀಕ್ಷೆಗೆ ದುಡ್ಡು ಕೊಟ್ಟವರು ಯಾರು? ಪರೀಕ್ಷೆ ನಡೆದದ್ದು ಯಾವ ಮಣ್ಣಿನಲ್ಲಿ, ಎಷ್ಟು ಕಾಲ? ಅದರಲ್ಲಿರುವ ಮಾತೂ ಈ ಕಾಗದದ ಮಾತೂ ಒಂದೇನಾ? ಜೊತೆಗೆ, ಆ ಲೇಖನವನ್ನು ಹಿಂದಕ್ಕೆ ಪಡೆದಿದ್ದಾರಾ ಅಂತಲೂ ನೋಡಿಸಿ. ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿ ಫೋನಿದೆ, ಊರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಿದ್ದಾರೆ. ಕೂರಿಸಿಕೊಂಡು ಓದಿಸಿ.

ನಮ್ಮ ಸಂಘದ ಕರಪತ್ರಕ್ಕೂ ಇದೇ ಅಳತೆ ಇರಲಿ. ಆಧಾರ ತೋರಿಸದ ಅಂಕಿಯನ್ನು ನಾನು ಹೇಳಿದರೂ ಎದ್ದು ನಿಂತು ಕೇಳಿ. ಮುಂದಿನ ತಿಂಗಳ ಸಭೆಗೆ ಪ್ರತಿ ಹಳ್ಳಿಯಿಂದ ಔಷಧಿ ಅಂಗಡಿಯ ಒಂದೊಂದು ಕಾಗದ ತನ್ನಿ. ಒಟ್ಟಿಗೆ ಕೂತು ಓದೋಣ, ಆಮೇಲೆ ಉದ್ರಿ ಬರೆಸೋ ಮಾತು.