ಬೆಳಕಿನ ಕೀಲಿಕೈ



ಡೊಂಬಿವಲಿಯಿಂದ ಊರಿಗೆ ಹಣ ಕಳಿಸಲು ಹಿಂದೆ ಮನಿಯಾರ್ಡರು, ಇಂದು ಮೊಬೈಲು. ಆ ಸಂದೇಶವನ್ನು ಕಾಯುವುದು ಗುಪ್ತಲಿಪಿ. ಮುಂದೆ ಬಲವಾದ ಕ್ವಾಂಟಂ ಗಣಕಯಂತ್ರ ಬಂದರೆ ಇಂದಿನ ಕೆಲವು ಗುಪ್ತಲಿಪಿಗಳು ಮುರಿದಾವು. ಇದಕ್ಕೆ ವಿಜ್ಞಾನಿಗಳು ಬೆಳಕಿನಲ್ಲೇ ಉಪಾಯ ಕಂಡಿದ್ದಾರೆ. ಗುಪ್ತಲಿಪಿಯ ಕೀಲಿಯನ್ನು ಬೆಳಕಿನ ಒಂದೊಂದೇ ಕಣದಲ್ಲಿ, ಅಂದರೆ ಫೋಟಾನಿನಲ್ಲಿ, ಕಳಿಸಿದರೆ, ನಡುವೆ ಕದ್ದು ನೋಡಿದವನು ಅದರ ಸ್ಥಿತಿಯನ್ನು ಕೆಡಿಸದೆ ಇರಲಾರ. ಅರಗಿನ ಮುದ್ರೆ ಒಡೆದ ಲಕೋಟೆಯಂತೆ ಕಳವು ಬಯಲಾಗುತ್ತದೆ. ಆ ಕೀಲಿಯನ್ನು ಬಿಟ್ಟು ಬೇರೊಂದನ್ನು ಕಳಿಸಬಹುದು.

2021ರಲ್ಲಿ ಅಹಮದಾಬಾದಿನಲ್ಲಿ ಇಸ್ರೊ 300 ಮೀಟರು ದೂರಕ್ಕೆ, ತಂತಿಯಿಲ್ಲದೆ ಗಾಳಿಯಲ್ಲೇ, ಹೀಗೆ ಕೀಲಿ ಕಳಿಸಿತು. ಸಿ. ವಿ. ರಾಮನ್ನರು 1948ರಲ್ಲಿ ಕಟ್ಟಿದ ಬೆಂಗಳೂರಿನ ಸಂಸ್ಥೆಯಲ್ಲೂ ಈ ಸಂಶೋಧನೆ ನಡೆದಿದೆ.

ಆದರೆ ಫೋನಿನಲ್ಲಿ ಯಾರೋ ಕೇಳಿದರೆಂದು ನಮ್ಮ ಗುಪ್ತಸಂಖ್ಯೆಯನ್ನು ನಾವೇ ಹೇಳಿಬಿಟ್ಟರೆ ಯಾವ ಫೋಟಾನೂ ಕಾಯಲಾರದು. ಆ ಎಚ್ಚರ ನಮ್ಮದೇ.