ಜನ ಸೇರಿಸಿದ್ರೆ ಕೆಲಸ ಬೇಗ ಮುಗಿಯುತ್ತಾ?

ಪುಣೆಯ ಹಿಂಜವಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ರಿಲೀಸ್ ತಡ ಆಯ್ತು ಅಂದ್ರೆ ಮೀಟಿಂಗಿನಲ್ಲಿ ಒಂದೇ ಮಾತು: "ಇನ್ನೂ ನಾಲ್ಕು ಜನ ಹಾಕೋಣ."

ಐಬಿಎಂನಲ್ಲಿ ಓಎಸ್/360 ಪ್ರಾಜೆಕ್ಟ್ ನಡೆಸಿದ ಫ್ರೆಡ್ ಬ್ರೂಕ್ಸ್ ಸ್ವತಃ ಮ್ಯಾನೇಜರ್. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ ಅಂತ ಅವರು 1975ರಲ್ಲೇ ಬರೆದಿಟ್ಟರು. ಲೆಕ್ಕ ಸುಲಭ. 5 ಜನರ ಟೀಮಿನಲ್ಲಿ ಪರಸ್ಪರ ಮಾತಾಡಬೇಕಾದ ಜೋಡಿಗಳು 10. 10 ಜನರಾದರೆ 45. ಹೊಸಬರಿಗೆ ಕೆಲಸ ಹೇಳಿಕೊಡೋರು ಯಾರು? ಆಗಲೇ ರಾತ್ರಿ ಹನ್ನೊಂದರ ತನಕ ಕೂತಿರೋ ಹಳಬರೇ!

ಸ್ವಂತ ಆ್ಯಪ್ ಮಾಡಬೇಕು ಅಂತಿರೋರಿಗೂ ಇದೇ ಲೆಕ್ಕ. 2014ರಲ್ಲಿ ಫೇಸ್‌ಬುಕ್ ವಾಟ್ಸ್ಆ್ಯಪ್ ಖರೀದಿ ಘೋಷಿಸಿದಾಗ ಅದರ ಬಳಕೆದಾರರು ಸುಮಾರು 45 ಕೋಟಿ. ಕಂಪನಿಯಲ್ಲಿ ಇದ್ದವರು ಅರವತ್ತು ಜನರೂ ಇಲ್ಲ. ಜಾಹೀರಾತು ಬೇಡ, ಗೇಮ್ ಬೇಡ, ಮೆಸೇಜ್ ಸರಿಯಾಗಿ ತಲುಪಿದರೆ ಸಾಕು ಅಂತ ಹಟ ಹಿಡಿದಿದ್ದರು.

ಮನೆ ಸಾಲದ ಇಎಂಐ, ಮಕ್ಕಳ ಫೀಸು ಎಲ್ಲ ಇರುವಾಗ ಕೆಲಸ ಬಿಟ್ಟು, ಹತ್ತು ಗೆಳೆಯರನ್ನ ಕಟ್ಟಿಕೊಂಡು ಹೊರಡಬೇಡಿ. ಶುರುವಿಗೆ ಇಬ್ಬರು ಸಾಕು. ಏನೇನು ಮಾಡೋದಿಲ್ಲ ಅಂತ ಮೊದಲು ಪಟ್ಟಿ ಮಾಡಿ. ನಾಳೆ ಮ್ಯಾನೇಜರ್ "ಜನ ಬೇಕಾ?" ಅಂದ್ರೆ, "ಯಾವ ಫೀಚರ್ ಬಿಡೋಣ ಸರ್?" ಅಂತ ಕೇಳಿ ನೋಡಿ.