ಚುಕ್ಕಾಣಿ ಸಡಿಲಾದಾಗ

ಸಿಂಧನೂರಿನಿಂದ ಸಿರುಗುಪ್ಪದ ಕಡೆಗೆ ಹೊರಟವರು ಧಡೇಸುಗೂರಿನ ಹತ್ತಿರ ತುಂಗಭದ್ರೆಯನ್ನು ದಾಟುತ್ತಾರೆ. ಆ ಹೊಳೆಯಲ್ಲಿ ಎಲ್ಲಿಯಾದರೂ ಹರಿಗೋಲು ಕಂಡರೆ ಅದರ ನಡೆಯನ್ನು ಸ್ವಲ್ಪ ಹೊತ್ತು ಗಮನಿಸಿ. ಅದು ಬೀಸುವ ಕಲ್ಲಿನ ಹಾಗೆ ತನ್ನ ಸುತ್ತಲೇ ತಿರುಗುತ್ತ ಮುಂದೆ ಸಾಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಬುಟ್ಟಿಯಂಥ ಈ ದೋಣಿಗಳನ್ನು ಕಂಡು, ಇವು ಸದಾ ತಿರುಗುತ್ತಲೇ ಇರುತ್ತವೆ, ಬೇರೆ ದೋಣಿಗಳಂತೆ ನೇರವಾಗಿ ಹೋಗಲಾರವು ಎಂದು ಬರೆದಿಟ್ಟಿದ್ದಾನೆ. ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ. ಆದ್ದರಿಂದ ಚುಕ್ಕಾಣಿ ಕಟ್ಟಲು ಜಾಗವೂ ಇಲ್ಲ. ಹುಟ್ಟು ಹಿಡಿದ ಅಂಬಿಗನೇ ಅದರ ಚುಕ್ಕಾಣಿ.

ಹಾಯಿದೋಣಿಯ ಮಾತು ಬೇರೆ. ಅದು ಉದ್ದನೆಯ ದೋಣಿ. ಗಾಳಿ ಪಕ್ಕದಿಂದ ತಳ್ಳುತ್ತಿದ್ದರೂ ಅದು ಮುಂದಕ್ಕೆ ಹೋಗಬೇಕು. ಅದಕ್ಕೆ ಹಿಂಭಾಗದಲ್ಲಿ ನೀರಿಗೆ ಇಳಿಬಿಟ್ಟ ಒಂದು ಹಲಗೆ, ಆ ಹಲಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಒಂದು ಹಿಡಿಕೋಲು ಬೇಕು. ಈ ಹಲಗೆಯೇ ಚುಕ್ಕಾಣಿ. ಪಕ್ಷದ ಚುಕ್ಕಾಣಿ, ಸಂಘದ ಚುಕ್ಕಾಣಿ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ನಿಜವಾದ ಚುಕ್ಕಾಣಿಯನ್ನು ಮುಟ್ಟಿ ನೋಡಿದವರು ನಮ್ಮ ಸೀಮೆಯಲ್ಲಿ ಬಹಳ ಕಡಿಮೆ.

ಸಮುದ್ರವಿಲ್ಲದ ಸಿಂಧನೂರಿನವರಿಗೆ ಈ ವಿಷಯ ಏತಕ್ಕೆ ಎಂದು ನೀವು ಕೇಳಬಹುದು. ನಮ್ಮ ಹುಡುಗ ಹುಡುಗಿಯರು ಇಂದು ನೌಕಾಪಡೆಗೆ ಸೇರುತ್ತಿದ್ದಾರೆ, ಕರಾವಳಿಗೆ ಕೆಲಸಕ್ಕೆ ಹೋಗುತ್ತಾರೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಹಾಯಿದೋಣಿ ನಡೆಸಲು ಕಲಿಯುತ್ತಾರೆ. ಆದರೆ ನನ್ನ ಮುಖ್ಯ ಕಾರಣ ಇನ್ನೊಂದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿ ಭತ್ತ ನಾಟಿ ಮಾಡಿದ್ದ ನಮ್ಮ ರೈತರು ಆ ವಾರ ಹೇಗೆ ಕಳೆದರೆಂಬುದು ನಿಮಗೆ ಗೊತ್ತು. ಗೇಟಿನ ಹಲಗೆಯಾಗಲಿ ಅಣೆಕಟ್ಟೆಯ ಗೋಡೆಯಾಗಲಿ ಮೊದಲು ಸೋಲಲಿಲ್ಲ. ಗೇಟನ್ನು ಹಿಡಿದಿದ್ದ ಕೊಂಡಿ ಸೋತಿತು. ಚುಕ್ಕಾಣಿಯ ಕತೆಯೂ ಅದೇ. ಹಲಗೆ ಮುರಿಯುವುದು ಅಪರೂಪ. ಅದನ್ನು ದೋಣಿಗೆ ಹಿಡಿದಿಡುವ ಕೀಲು, ಬಳೆ, ಸ್ಕ್ರೂಗಳೇ ಹೆಚ್ಚಾಗಿ ಕೈಕೊಡುತ್ತವೆ.

ನಿಮ್ಮ ಹೊಲದ ಅಥವಾ ಮನೆಯ ಕಬ್ಬಿಣದ ಗೇಟನ್ನು ನೆನೆಸಿಕೊಳ್ಳಿ. ಕಂಬಕ್ಕೆ ಕೂಡಿಸಿದ ಕೀಲು ಮೇಲ್ಮುಖವಾಗಿರುತ್ತದೆ. ಗೇಟಿನ ಬಳೆಯನ್ನು ಅದಕ್ಕೆ ಮೇಲಿನಿಂದ ತೊಡಿಸುತ್ತಾರೆ. ಗೇಟನ್ನು ಎತ್ತಿದರೆ ಕಳಚಿ ಬರುತ್ತದೆ. ಸಣ್ಣ ಹಾಯಿದೋಣಿಯ ಚುಕ್ಕಾಣಿಯೂ ಇಂಥದೇ ಬಿಜಾಗರಿಯ ಮೇಲೆ ನಿಂತಿರುತ್ತದೆ. ಸಾಮಾನ್ಯವಾಗಿ ಬಳೆಗಳು ದೋಣಿಯ ಹಿಂಬದಿಯ ಹಲಗೆಯ ಮೇಲಿರುತ್ತವೆ, ಅವಕ್ಕೆ ಗಜನ್ ಎನ್ನುತ್ತಾರೆ. ಕೀಲುಗಳು ಚುಕ್ಕಾಣಿಯ ಮೇಲಿರುತ್ತವೆ, ಅವಕ್ಕೆ ಪಿಂಟಲ್ ಎಂದು ಹೆಸರು. ಮೇಲೊಂದು ಜೊತೆ, ಕೆಳಗೊಂದು ಜೊತೆ. ಕೆಳಗಿನ ಕೀಲನ್ನು ತುಸು ಉದ್ದವಾಗಿ ಮಾಡುವುದುಂಟು. ಅಲೆಯ ಮೇಲೆ ಕುಣಿಯುವ ದೋಣಿಯಲ್ಲಿ ಎರಡನ್ನೂ ಒಮ್ಮೆಗೇ ತೊಡಿಸುವುದು ಕಷ್ಟ. ಉದ್ದದ್ದನ್ನು ಮೊದಲು ಸಿಕ್ಕಿಸಿಕೊಂಡರೆ ಮೇಲಿನದು ಸುಲಭವಾಗಿ ಕೂಡುತ್ತದೆ. ಈ ವ್ಯವಸ್ಥೆ ಹಳೆಯದು. ಇಂಗ್ಲೆಂಡಿನ ವಿಂಚೆಸ್ಟರ್ ಚರ್ಚಿನಲ್ಲಿರುವ 12ನೇ ಶತಮಾನದ ಕಲ್ಲಿನ ತೊಟ್ಟಿಯೊಂದರ ಮೇಲೆ ಹಿಂಬದಿಗೆ ಕೂಡಿಸಿದ ಚುಕ್ಕಾಣಿಯ ಹಡಗನ್ನು ಕೆತ್ತಿದ್ದಾರೆ.

ಇದು ಸಡಿಲಾಗುವುದೇಕೆ? ನೀರಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ದೋಣಿಯ ವೇಗ ಎರಡು ಪಟ್ಟಾದರೆ ಚುಕ್ಕಾಣಿಯ ಮೇಲಿನ ಒತ್ತಡ ನಾಲ್ಕು ಪಟ್ಟು. ಆ ಒತ್ತಡ ಬೀಳುವುದು ನೀರಿನೊಳಗಿನ ಭಾಗದ ಮೇಲೆ, ತಡೆಯುವ ಕೀಲುಗಳಿರುವುದು ಮೇಲುಗಡೆ. ಹಾರೆಯ ತುದಿಯಿಂದ ಕಲ್ಲು ಮೀಟಿದಂತೆ ಚುಕ್ಕಾಣಿಯ ಹಲಗೆ ತನ್ನ ಕೀಲುಗಳನ್ನೇ ಮೀಟುತ್ತದೆ. ಕೆಳಗಿನದನ್ನು ಒಂದು ಕಡೆಗೆ, ಮೇಲಿನದನ್ನು ಅದಕ್ಕೆ ವಿರುದ್ಧವಾಗಿ. ಅಲೆ ಬಂದಾಗಲೆಲ್ಲ ದಿಕ್ಕು ಬದಲು. ಹೀಗೆ ಸಾವಿರಾರು ಸಲ ಅಲ್ಲಾಡಿದಾಗ ದುಂಡಾಗಿದ್ದ ಸ್ಕ್ರೂ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆ ಸಂದಿನಿಂದ ನೀರು ಒಳಹೊಕ್ಕು ಮರ ಕೊಳೆಯುತ್ತದೆ.

ದುರಸ್ತಿಗೆ ಕೈ ಹಾಕುವ ಮುನ್ನ ಅಲ್ಲಾಡುತ್ತಿರುವುದು ಯಾವುದು ಎಂದು ಪತ್ತೆಮಾಡಬೇಕು. ನೆಲದ ಮೇಲಿರುವ ದೋಣಿಯ ಚುಕ್ಕಾಣಿಯ ಕೆಳತುದಿಯನ್ನು ಒಬ್ಬರು ಹಿಡಿದು ಪಕ್ಕಕ್ಕೆ ಆಡಿಸಲಿ. ಇನ್ನೊಬ್ಬರು ಒಂದೊಂದು ಕೂಡುವ ಜಾಗದ ಮೇಲೂ ಬೆರಳಿಟ್ಟು ನೋಡಲಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ತಿಳಿಯುತ್ತದೆ. ಹಿಡಿಕೋಲು ಮತ್ತು ಚುಕ್ಕಾಣಿಯ ತಲೆಯ ನಡುವೆ ಸಡಿಲವಿದ್ದರೆ ಅದು ಒಂದು ಬೋಲ್ಟಿನ ಕೆಲಸ. ಕೀಲು ಮತ್ತು ಬಳೆಯ ನಡುವೆ ಸಡಿಲವಿದ್ದರೆ ಬಳೆ ಸವೆದಿದೆ. ಪಟ್ಟಿಯೇ ಹಲಗೆಯಿಂದ ಕದಲುತ್ತಿದ್ದರೆ ಮಾತ್ರ ಚಿಂತಿಸಬೇಕು.

ಸವೆದ ಬಳೆಗೆ ನೈಲಾನ್ ಬುಷ್ ಕೂಡಿಸಬಹುದು. ಟ್ರ್ಯಾಕ್ಟರಿಗೆ, ಅಕ್ಕಿ ಗಿರಣಿಗೆ ದಿನವೂ ಬುಷ್ ತಿರುವಿ ಕೊಡುವ ನಮ್ಮ ಊರಿನ ಲೇತ್ ಮೇಸ್ತ್ರಿಗೆ ಇದು ಅರ್ಧ ಗಂಟೆಯ ಕೆಲಸ. ಕೀಲು ಹಗುರವಾಗಿ ತಿರುಗಬೇಕು, ಅಲ್ಲಾಡಬಾರದು.

ಪಟ್ಟಿ ಕದಲುತ್ತಿದ್ದರೆ ಎಲ್ಲರೂ ಮೊದಲು ಮಾಡುವುದು ಸ್ಕ್ರೂ ಬಿಗಿಯುವುದು. ಅದು ತಿರುಗುತ್ತದೆ, ಬಿಗಿಯುವುದಿಲ್ಲ. ಆಗ ಇನ್ನೂ ದಪ್ಪ ಸ್ಕ್ರೂ ಹಾಕುತ್ತಾರೆ, ಇಲ್ಲವೇ ರಂಧ್ರಕ್ಕೆ ಬೆಂಕಿಕಡ್ಡಿ ತುರುಕುತ್ತಾರೆ. ಮನೆಯ ಕಪಾಟಿನ ಬಾಗಿಲಿಗೆ ಇದು ನಡೆದೀತು. ನೀರಿನ ಮೇಲೆ ಇದು ತನಗೆ ತಾನೇ ಮಾಡಿಕೊಳ್ಳುವ ಮೋಸ. ಕೊಳೆತ ಮರಕ್ಕೆ ಯಾವ ಸ್ಕ್ರೂ ಹಾಕಿದರೂ ಹಿಡಿಯದು.

ಸರಿಯಾದ ಕೆಲಸಕ್ಕೆ ಎರಡು ದಿನ ಬೇಕು. ಪಟ್ಟಿಯನ್ನು ಪೂರ್ತಿ ಕಳಚಿ. ರಂಧ್ರವನ್ನು ಒಳ್ಳೆಯ ಮರ ಸಿಗುವವರೆಗೆ ದೊಡ್ಡದು ಮಾಡಿ. ಒಳಗೆ ಪೂರ್ತಿ ಒಣಗಲು ಬಿಡಿ. ಇಲ್ಲಿ ಅವಸರ ಮಾಡಿದವರೇ ಮುಂದಿನ ವರ್ಷ ಮತ್ತೆ ಕಳಚುತ್ತಾರೆ. ಆಮೇಲೆ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಗಾಳಿಗುಳ್ಳೆ ಉಳಿಯದಂತೆ ತುಂಬಿ. ಅದು ಕಲ್ಲಾದ ಮೇಲೆ ನಡುವೆ ಹೊಸ ರಂಧ್ರ ಕೊರೆಯಿರಿ. ಈಗ ಬೋಲ್ಟು ಮುಟ್ಟುವುದು ಎಪಾಕ್ಸಿಯನ್ನು, ಮರದ ಹತ್ತಿರ ನೀರು ಸುಳಿಯದು. ಒಳಬದಿಗೆ ಕೈ ತಲುಪುವಂತಿದ್ದರೆ ಸ್ಕ್ರೂ ಬಿಟ್ಟು ಆರುಪಾರು ಬೋಲ್ಟು ಹಾಕಿ, ಹಿಂದೆ ಅಗಲವಾದ ಲೋಹದ ತಗಡು ಕೊಟ್ಟು, ತಾನಾಗಿ ಸಡಿಲಾಗದ ನೈಲಾನ್ ನಟ್ಟು ಬಿಗಿಯಿರಿ. ಪಟ್ಟಿಯ ಕೆಳಗೆ ಜಲನಿರೋಧಕ ಅಂಟು ಹಚ್ಚುವುದನ್ನು ಮರೆಯಬೇಡಿ. ಕೊರೆಯುವ ಮುನ್ನ ಒಂದು ನೇರವಾದ ಸರಳನ್ನು ಎರಡೂ ಬಳೆಗಳಲ್ಲಿ ತೂರಿಸಿ ನೋಡಿ. ಎರಡೂ ಒಂದೇ ನೇರದಲ್ಲಿಲ್ಲದಿದ್ದರೆ ಚುಕ್ಕಾಣಿ ಬಿರುಸಾಗಿ, ಹೊಸ ಬಳೆಯೂ ಬೇಗ ಸವೆಯುತ್ತದೆ.

ಲೋಹದ ವಿಷಯ ಒಂದು ಮಾತು. ಕಂಚಿನ ಪಟ್ಟಿಗೆ ಕಬ್ಬಿಣದ ಬೋಲ್ಟು ಹಾಕಬೇಡಿ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಸೇರಿದರೆ ಬ್ಯಾಟರಿಯಂತೆ ವಿದ್ಯುತ್ ಹರಿದು ಒಂದು ಲೋಹ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲು ತುಕ್ಕು ಹಿಡಿಯದು ಎಂಬುದೂ ಅರ್ಧ ಸತ್ಯ. ಅದನ್ನು ಕಾಪಾಡುವುದು ಗಾಳಿಯ ಆಮ್ಲಜನಕದಿಂದ ಮೇಲ್ಮೈಯಲ್ಲಿ ಮೂಡುವ ತೆಳುಪದರ. ಗಾಳಿಯಾಡದ ಸಂದಿನಲ್ಲಿ, ಪಟ್ಟಿಯ ಅಡಿಯಲ್ಲಿ, ಆ ಪದರ ಕೆಟ್ಟು ಲೋಹ ಗುಟ್ಟಾಗಿ ಕೊರೆದುಹೋಗುತ್ತದೆ. ಮೇಲೆ ಕನ್ನಡಿಯಂತೆ ಹೊಳೆಯುವ ಬೋಲ್ಟನ್ನು ಕಳಚಿದರೆ ಕತ್ತು ಕಡ್ಡಿಯಷ್ಟು ಉಳಿದಿರಬಹುದು. ಆದ್ದರಿಂದ ಆಗಾಗ ಒಂದೆರಡನ್ನು ಹೊರತೆಗೆದು ನೋಡುವುದು ಲೇಸು.

ಇನ್ನೊಂದು ಚಿಕ್ಕ ವಸ್ತುವಿದೆ. ಚುಕ್ಕಾಣಿ ಮೇಲಕ್ಕೆದ್ದು ಕಳಚದಂತೆ ತಡೆಯುವ ಸ್ಪ್ರಿಂಗ್ ಪಟ್ಟಿ ಅಥವಾ ಪಿನ್ನು. ಬಂಡಿಯ ಕಡಾಣಿಯ ಕೆಲಸವೇ ಇದರದು. ದೋಣಿ ಮಗುಚಿದಾಗ ಈ ಪಿನ್ನು ಇಲ್ಲದಿದ್ದರೆ ಚುಕ್ಕಾಣಿ ಜಾರಿ ಹೋಗುತ್ತದೆ. ದೋಣಿಯನ್ನು ಎತ್ತಿ ನಿಲ್ಲಿಸಿದ ಮೇಲೆ ನಡೆಸಲು ಏನೂ ಉಳಿದಿರುವುದಿಲ್ಲ.

ದೊಡ್ಡ ಹಾಯಿಹಡಗಿಗೂ ಈ ತೊಂದರೆ ತಪ್ಪಿದ್ದಲ್ಲ. ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ‘ತಾರಿಣಿ’ಯಲ್ಲಿ ಭೂಪ್ರದಕ್ಷಿಣೆಗೆ ಹೊರಟರು. ಹೆಚ್ಚುಕಡಿಮೆ ಪ್ರಪಂಚವನ್ನೇ ಸುತ್ತಿ, ಮನೆಯ ದಾರಿಯಲ್ಲಿದ್ದಾಗ ಹಿಂದೂ ಮಹಾಸಾಗರದಲ್ಲಿ ಚುಕ್ಕಾಣಿ ತಿರುಗಿಸುವ ಯಂತ್ರಭಾಗ ಕೆಟ್ಟಿತು. 2018ರ ಏಪ್ರಿಲ್‌ನಲ್ಲಿ ಅವರು ಮಾರಿಷಸ್‌ನ ಪೋರ್ಟ್ ಲೂಯಿಗೆ ತಿರುಗಿ ದುರಸ್ತಿ ಮಾಡಿಸಿಕೊಂಡರು. ಮೇ 21ರಂದು ಗೋವಾ ತಲುಪಿದರು. ಹೇಗಾದರೂ ಮನೆ ಸೇರೋಣ ಎಂದು ಅವರು ಹೊರಡಲಿಲ್ಲ ಎಂಬುದನ್ನು ನಾನು ಅವರ ಯಾನದಷ್ಟೇ ದೊಡ್ಡದೆಂದು ತಿಳಿಯುತ್ತೇನೆ.

ಸಣ್ಣ ದೋಣಿಯಲ್ಲಿ, ನಡುನೀರಿನಲ್ಲಿ ಕೀಲು ಮುರಿದರೆ ಏನು ಮಾಡಬೇಕು? ಮೊದಲು ಹಾಯಿ ಇಳಿಸಿ ಅಥವಾ ಸಡಿಲ ಬಿಡಿ. ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿ ದೋಣಿಯೊಳಗೆ ಎಳೆದುಕೊಳ್ಳಿ. ಅರ್ಧ ಕಳಚಿದ ಚುಕ್ಕಾಣಿ ಇನ್ನೊಂದು ಕೀಲನ್ನೂ ಕಿತ್ತುಹಾಕುತ್ತದೆ. ಮೇಲಿನದು ಮಾತ್ರ ಹೋಗಿದ್ದರೆ ಹಗ್ಗವನ್ನು ಎಂಟರ ಆಕಾರದಲ್ಲಿ ಬಿಗಿಯಾಗಿ ಸುತ್ತಿ ದಡದವರೆಗೆ ಹೋಗಬಹುದು. ಎರಡೂ ಹೋಗಿದ್ದರೆ ಹಿಂಬದಿಯಲ್ಲಿ ಕುಳಿತು, ಒಂದು ಹುಟ್ಟನ್ನು ನೀರಿಗಿಳಿಸಿ, ತುಂಗಭದ್ರೆಯ ಅಂಬಿಗ ಮಾಡುವುದನ್ನೇ ಮಾಡಬೇಕು. ಅದಕ್ಕಾಗಿ ದೋಣಿಯಲ್ಲಿ ಒಂದು ಹುಟ್ಟು, ಹತ್ತು ಮಾರು ಹಗ್ಗ, ಪ್ರತಿಯೊಬ್ಬರಿಗೂ ತೇಲುವ ಜಾಕೆಟ್ಟು ಇಟ್ಟುಕೊಂಡೇ ದಡ ಬಿಡಿ.